ತುಟಿ ಕಾಣದ ಮಾತು

ಲಾಳಿಯಕ್ಕನಿಗೆ ಆ ಹೆಸರಿಟ್ಟದ್ದು ಗಿರಣಿಯ ಹೆಂಗಸರು. ಹದಿನೇಳನೇ ವಯಸ್ಸಿಗೆ ನೇಯ್ಗೆ ವಿಭಾಗ ಸೇರಿದವಳು, ತನ್ನ ಪಾಲಿನ ಆರು ಮಗ್ಗಗಳ ನಡುವೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಥೇಟ್ ನೂಲು ಹೊತ್ತ ಲಾಳಿಯ ಹಾಗೆಯೇ ಓಡಾಡುತ್ತಿದ್ದಳು. ಮದುವೆಯಾಯಿತು, ಮಗಳು ಹುಟ್ಟಿದಳು, ಗಂಡ ತೀರಿಕೊಂಡ, ಗಿರಣಿಯ ಮಾಲೀಕರು ಎರಡು ಸಲ ಬದಲಾದರು. ಲಾಳಿಯಕ್ಕನ ಓಡಾಟ ಮಾತ್ರ ಮೂವತ್ತೊಂದು ವರ್ಷ ನಿಲ್ಲಲಿಲ್ಲ.

ಇನ್ನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಜಾಗದಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳಿಸುವುದಿಲ್ಲ. ಅದಕ್ಕೆ ಅಲ್ಲಿನ ಹೆಂಗಸರು ತಮ್ಮದೇ ಒಂದು ದಾರಿ ಕಂಡುಕೊಂಡಿದ್ದರು. ಸದ್ದು ಹೊರಡಿಸುವ ಗೋಜಿಗೇ ಹೋಗದೆ, ಬಾಯನ್ನು ಅಗಲಿಸಿ, ಒಂದೊಂದು ಅಕ್ಷರವನ್ನೂ ತುಟಿಯಲ್ಲೇ ತಿದ್ದಿ ತೀಡಿ ಆಡುವ ಮಾತು. ತುಟಿಮಾತು ಅಂತ ಕರೆಯುತ್ತಿದ್ದರು. ನಾಲ್ಕು ಸಾಲು ಆಚೆ ನಿಂತವಳ ಅತ್ತೆಯ ಜಗಳವೂ, ಎಂಟು ಸಾಲು ಆಚೆ ನಿಂತವಳ ಬಸಿರೂ ಹೀಗೇ ಸಾಲಿನಿಂದ ಸಾಲಿಗೆ ಹರಡುತ್ತಿದ್ದವು. ಮೇಲ್ವಿಚಾರಕನ ಕಣ್ಣೆದುರಿಗೇ ಅವನ ಬೋಳುತಲೆಯ ಬಗ್ಗೆ ಚರ್ಚೆಯಾಗುತ್ತಿತ್ತು. ಇವರೆಲ್ಲ ಏನನ್ನೋ ಜಗಿಯುತ್ತಿದ್ದಾರೆ ಅಂದುಕೊಂಡು ಆ ಪುಣ್ಯಾತ್ಮ ಮುಂದೆ ಹೋಗುತ್ತಿದ್ದ. ಈ ವಿದ್ಯೆಯಲ್ಲಿ ಲಾಳಿಯಕ್ಕನನ್ನು ಮೀರಿಸುವವರಿರಲಿಲ್ಲ. ಅರ್ಧ ಮುಖ ಕಂಡರೆ ಸಾಕು, ಅವಳಿಗೆ ಪೂರ್ತಿ ಮಾತು ಸಿಗುತ್ತಿತ್ತು.

ಗಿರಣಿ ಸಂಬಳ ಕೊಟ್ಟಿತು, ಮನೆ ಕಟ್ಟಿಸಿಕೊಟ್ಟಿತು. ಹಾಗೆಯೇ ಯಾರಿಗೂ ಹೇಳದೆ ಕೇಳದೆ ಅವಳ ಕಿವಿಯ ಒಂದು ಭಾಗವನ್ನು ತಾನಿಟ್ಟುಕೊಂಡಿತು. ದಪ್ಪ ಸದ್ದುಗಳೆಲ್ಲ ಅವಳಿಗೆ ಕೇಳಿಸುತ್ತಿದ್ದವು. ಬಾಗಿಲು ಬಡಿದರೆ, ಲಾರಿ ಹೋದರೆ, ಪಾತ್ರೆ ಬಿದ್ದರೆ ತಿರುಗಿ ನೋಡುತ್ತಿದ್ದಳು. ಮಾತಿನ ಸಣ್ಣ ಅಂಚುಗಳು ಮಾತ್ರ ಸವೆದುಹೋಗಿದ್ದವು. ಯಾರಾದರೂ ಮಾತಾಡಿದರೆ ದನಿ ಏರುವುದು ಇಳಿಯುವುದು ತಿಳಿಯುತ್ತಿತ್ತು, ಒಂದು ಪದಕ್ಕೂ ಇನ್ನೊಂದಕ್ಕೂ ನಡುವಿನ ಗೆರೆ ತಿಳಿಯುತ್ತಿರಲಿಲ್ಲ. ಆದರೆ ಎದುರಿಗೆ ಮುಖವಿದ್ದರೆ ಯಾವ ತೊಂದರೆಯೂ ಇಲ್ಲ, ಕಿವಿ ಬಿಟ್ಟ ಕೆಲಸವನ್ನು ಕಣ್ಣು ಮಾಡಿಕೊಂಡು ಹೋಗುತ್ತಿತ್ತು. ಹಾಗಾಗಿ ವಿಷಯ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ, ಮಗಳಿಗೂ ಕೂಡ. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಜಂಬದವಳು ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವಳು ಹಟ ಹಿಡಿದಿದ್ದಳು.

ಮಗಳು ಬೇರೆ ಯಾವ ಕೆಲಸಕ್ಕೆ ಸೇರಿದ್ದರೂ ಈ ಹಟ ಸಲೀಸಾಗಿ ಸಾಗುತ್ತಿತ್ತು. ಆದರೆ ಅವಳು ಸೇರಿದ್ದು ರೇಡಿಯೋಗೆ. ದಿನಾ ಮಧ್ಯಾಹ್ನ ನಾಲ್ಕರಿಂದ ಐದರವರೆಗೆ ಅವಳದೊಂದು ಕಾರ್ಯಕ್ರಮ. ಅವಳು ಒಂದು ಪ್ರಶ್ನೆ ಕೇಳುತ್ತಾಳೆ, ಜನ ಫೋನು ಮಾಡಿ ಉತ್ತರ ಹೇಳುತ್ತಾರೆ, ನಡುವೆ ಅವಳ ನಗು, ಅವಳ ತಮಾಷೆ. ಒಂಬತ್ತು ವರ್ಷದಿಂದ ನಡೆಯುತ್ತಿತ್ತು. ತರಕಾರಿಯವಳು, ಔಷಧಿ ಅಂಗಡಿಯವನು, ಬಸ್ಸಿನ ಕಂಡಕ್ಟರು, ಎಲ್ಲರೂ ಲಾಳಿಯಕ್ಕನನ್ನು ತಡೆದು, ನಿಮ್ಮ ಮಗಳು ನಿನ್ನೆ ಎಷ್ಟು ಚೆನ್ನಾಗಿ ಮಾತಾಡಿದಳು ಅನ್ನುತ್ತಿದ್ದರು. ಲಾಳಿಯಕ್ಕ ಮುಖ ಅರಳಿಸಿ ತಲೆಯಾಡಿಸುತ್ತಿದ್ದಳು.

ರೇಡಿಯೋಗೆ ತುಟಿ ಎಲ್ಲಿಂದ ಬರಬೇಕು? ನಾಲ್ಕು ಗಂಟೆಗೆ ಅಡುಗೆಮನೆಯ ಗೂಡಿನಲ್ಲಿದ್ದ ಹಳೆಯ ರೇಡಿಯೋ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ದನಿ ತನ್ನ ಮಗಳದೇ, ಅದರಲ್ಲಿ ಸಂಶಯವಿಲ್ಲ. ಆದರೆ ಒಂದೇ ಒಂದು ಪದ ಬಿಡಿಯಾಗಿ ಕೈಗೆ ಸಿಗುತ್ತಿರಲಿಲ್ಲ. ಸಂಜೆ ಮಗಳು ಚಪ್ಪಲಿ ಬಿಡುತ್ತಾ "ಹೇಗಿತ್ತಮ್ಮ?" ಅನ್ನುವಳು. "ಚೆನ್ನಾಗಿತ್ತು" ಅನ್ನುವಳು ಲಾಳಿಯಕ್ಕ. ಊರಿಗೆಲ್ಲ ಸಿಕ್ಕ ಮಗಳು ತನಗೊಬ್ಬಳಿಗೆ ಸಿಗಲಿಲ್ಲವಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು, ಮತ್ತು ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಆ ವರ್ಷ ನಡುಮನೆಯ ಸೂರು ಸೋರಿತು. ಹಳೆಯ ಹಲಗೆಗಳನ್ನೆಲ್ಲ ಕಿತ್ತು ಹಾಕಿ, ಕೆಳಗೆ ಹೊಸದಾಗಿ ಬಿಳಿ ಬೋರ್ಡಿನ ಸೂರು ಕಟ್ಟಿಸುವುದು ಎಂದಾಯಿತು. ಆಗ ಬಾಯಿಬಿಟ್ಟವನು ಅಳಿಯ. ತೂಕದ ಯಂತ್ರ ರಿಪೇರಿ ಮಾಡುವ ಕಚೇರಿಯಲ್ಲಿ ಅವನಿಗೆ ಕೆಲಸ. ಮದುವೆಯಾದಾಗಿನಿಂದ, ಅಂದರೆ ಆರು ವರ್ಷದಿಂದ, ಅತ್ತೆಯ ಮನೆಯಲ್ಲೇ ಇದ್ದ. ಆಡಿದರೆ ಮುತ್ತು ಉದುರುತ್ತದೋ ಎಂಬಂಥ ಮೌನಿ. ಹಾಡು ಕೇಳುವುದೊಂದೇ ಅವನಿಗಿದ್ದ ಚಟ.

"ಅತ್ತೆ, ಸೂರು ಹೇಗಿದ್ರೂ ಹೊಸದಾಗ್ತಿದೆ. ಅದರೊಳಗೇ ಸ್ಪೀಕರ್ ಕೂರಿಸಿಬಿಟ್ರೆ ಹೇಗೆ? ಕೆಳಗಿನಿಂದ ನೋಡಿದ್ರೆ ದುಂಡಗಿನ ಜಾಲರಿ ಬಿಟ್ಟು ಏನೂ ಕಾಣಲ್ಲ. ಹಾಡು, ರೇಡಿಯೋ, ಎಲ್ಲಾ ಮೇಲಿಂದಲೇ ಬರುತ್ತೆ" ಅಂದ.

ಅವನ ತುಟಿಯ ಮೇಲೆ ರೇಡಿಯೋ ಎಂಬ ಪದ ಕಂಡದ್ದೇ ತಡ, ಲಾಳಿಯಕ್ಕ ನೆಟ್ಟಗೆ ಕೂತಳು. ಆ ಬಡಕಲು ರೇಡಿಯೋದಲ್ಲಿ ಸಿಗದ ಮಾತು ಒಳ್ಳೆಯ ಸ್ಪೀಕರಿನಲ್ಲಿ ಸಿಕ್ಕರೂ ಸಿಗಬಹುದಲ್ಲ.

"ಹಾಕಿಸೋಣ. ಆದ್ರೆ ಯಾವುದು ಅಂತ ಆರಿಸೋದು ನಾನು" ಅಂದಳು.

ಮಗಳು ಅಮ್ಮನ ಮುಖ ನೋಡಿದಳು. "ನಿನಗ್ಯಾವಾಗಮ್ಮ ಹಾಡಿನ ಹುಚ್ಚು ಹಿಡೀತು? ಸರಿ, ನೀವಿಬ್ರೇ ಹೋಗಿ ಬನ್ನಿ, ನನಗೆ ಈ ವಾರ ಪುರುಸೊತ್ತಿಲ್ಲ" ಎಂದು ನಕ್ಕಳು. ಅಳಿಯನಿಗಂತೂ ಆಶ್ಚರ್ಯವೋ ಆಶ್ಚರ್ಯ. ಅವನು ಹಾಡು ಹಾಕಿದಾಗ ಆರು ವರ್ಷದಲ್ಲಿ ಅತ್ತೆ ಒಂದು ಸಲವೂ ತಲೆದೂಗಿದವಳಲ್ಲ.

ಅಂಗಡಿಯ ಒಳಗೊಂದು ಕೋಣೆ, ಅದರ ಸೂರಿನ ತುಂಬ ಸ್ಪೀಕರುಗಳು, ಪ್ರತಿಯೊಂದಕ್ಕೂ ಒಂದು ನಂಬರು. ಪಕ್ಕದಲ್ಲಿ ಗಾಜಿನ ಗೋಡೆಯ ಆಚೆ ಪುಟ್ಟ ಗೂಡು. ಅಂಗಡಿಯವನು ಅಲ್ಲಿ ಕೂತು ಗುಂಡಿ ಒತ್ತುತ್ತಿದ್ದ. ಮೊದಲು ನಾಲ್ಕನೇ ನಂಬರಿನಲ್ಲಿ ಒಂದು ಹಾಡು ಹಾಕಿದ. ಊಟದ ತಟ್ಟೆಯಷ್ಟು ಅಗಲದ ಸ್ಪೀಕರು ಅದು. ಢಂ ಢಂ ಎಂದು ಎದೆಗೂಡೇ ಅದುರಿತು, ಅಳಿಯ ಕಣ್ಣುಮುಚ್ಚಿ ಸ್ವರ್ಗಕ್ಕೆ ಮೂರೇ ಗೇಣು ಎಂಬಂತೆ ನಿಂತುಬಿಟ್ಟ.

"ಹಾಡು ಸಾಕು, ಮಾತು ಹಾಕಿ" ಅಂದಳು ಲಾಳಿಯಕ್ಕ.

"ಮಾತಾ? ಸ್ಪೀಕರ್ ತಗೊಳ್ಳೋಕೆ ಬಂದೋರು ಯಾರೂ ಮಾತು ಕೇಳಲ್ಲಮ್ಮ" ಎಂದ ಅಂಗಡಿಯವನು.

"ನಾನು ಕೇಳ್ತೀನಿ. ವಾರ್ತೆ ಬೇಡ, ಅದನ್ನ ಊಹೆ ಮಾಡಬಹುದು. ಯಾರಿಗೂ ಊಹೆ ಮಾಡೋಕಾಗದೇ ಇರೋದು ಏನಾದ್ರೂ ಹೇಳಿ."

ಒಳ್ಳೆ ಗಿರಾಕಿ ಗಂಟುಬಿದ್ದಳಪ್ಪ ಎಂದುಕೊಂಡು ಅವನು ಗಾಜಿನ ಆಚೆ ಮೈಕು ಹಿಡಿದ. ನಿನ್ನೆ ತಾನು ಹೆಂಡತಿಯ ಹೂಕುಂಡ ಒಡೆದದ್ದು, ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟಿದ್ದು, ಬೆಕ್ಕಿಗೆ ಅವತ್ತು ಹಾಲು ಸಿಗದೇ ಹೋದದ್ದು, ಎಲ್ಲವನ್ನೂ ಹೇಳಿದ. ಅವನು ಮುಗಿಸುವುದಕ್ಕೆ ಮುಂಚೆಯೇ ಲಾಳಿಯಕ್ಕ, "ಪಾಪ, ಇವತ್ತಾದ್ರೂ ಆ ಬೆಕ್ಕಿಗೆ ಹಾಲು ಹಾಕಿಸಿ" ಅಂದಳು.

ಅವಳ ಸಂತೋಷಕ್ಕೆ ಪಾರವೇ ಇರಲಿಲ್ಲ. ಸೂರಿನಿಂದ ಬಂದ ಮಾತು ಒಂದಕ್ಷರ ಬಿಡದೆ ತಿಳಿಯಿತು. ಹುಡುಕುವುದು ಇನ್ನೇನಿದೆ? ಅಳಿಯನಿಗೆ ಬೇಕಾದದ್ದೂ ಅದೇ ನಾಲ್ಕನೇ ನಂಬರು. ನಾಲ್ಕು ಮೂಲೆಗೆ ನಾಲ್ಕು ಕಟ್ಟಿಸಿಕೊಂಡರು. ಒಗ್ಗದಿದ್ದರೆ ವಾರದೊಳಗೆ ಬದಲಾಯಿಸಿಕೊಡುವುದು ಎಂಬ ಮಾತೂ ಆಯಿತು.

ಬೋರ್ಡು ಮುಚ್ಚಿ ಮುಗಿದ ಮರುದಿನ ಮೇಸ್ತ್ರಿ ಸ್ಪೀಕರಿನ ತೂತು ಕೊರೆಯಲು ಬಂದ. ಕೈವಾರ ಇಟ್ಟು ನಾಲ್ಕು ಮೂಲೆಯಲ್ಲೂ ದೊಡ್ಡ ದೊಡ್ಡ ಸುತ್ತು ಎಳೆದ. "ಒಮ್ಮೆ ಕೊರೆದ್ರೆ ಮುಗೀತು, ಆಮೇಲೆ ಚಿಕ್ಕದು ಹಾಕ್ತೀನಿ, ಆಚೆ ಹಾಕ್ತೀನಿ ಅಂದ್ರೆ ಬೋರ್ಡೇ ಬದಲಾಯಿಸಬೇಕಾಗುತ್ತೆ" ಎಂದು ಎಚ್ಚರಿಸಿದ. ಕೊರೆಯುವ ಮೊದಲು ಸದ್ದು ನೋಡೋಣವೆಂದು ಅಳಿಯ ಒಂದು ಸ್ಪೀಕರನ್ನು ಏಣಿಯ ತುದಿಗೆ ಕಟ್ಟಿ ತಂತಿ ಸೇರಿಸಿದ. ಗಂಟೆ ನಾಲ್ಕಾಗಿತ್ತು. ರೇಡಿಯೋ ಹಾಕಿದ.

ಮಗಳ ದನಿ ನಡುಮನೆಯನ್ನು ತುಂಬಿತು. ದೊಡ್ಡ ದನಿ, ದಪ್ಪ ದನಿ, ಕಿಟಕಿಯ ಸರಳಿಗೂ ತಾಕುವ ದನಿ. ಲಾಳಿಯಕ್ಕ ಉಸಿರು ಬಿಗಿಹಿಡಿದು ಕೇಳಿದಳು. ಒಂದು ಪದವಾದರೂ ಸಿಗಬೇಡವೇ? ಅಡುಗೆಮನೆಯ ಗೂಡಿನಲ್ಲಿ ಕೇಳುತ್ತಿದ್ದ ಅದೇ ಗುಂಯ್‌ಗುಡುವ ರಾಗ ಈಗ ಹತ್ತು ಪಟ್ಟಾಗಿತ್ತು, ಅಷ್ಟೇ. ಅವಳ ಕಣ್ಣು ತಾನಾಗಿಯೇ ಏಣಿಯ ಮೇಲೆ, ಗೋಡೆಯ ಮೇಲೆ, ಅಳಿಯನ ಮುಖದ ಮೇಲೆ ಏನನ್ನೋ ಹುಡುಕಿತು. ತಾನು ಹುಡುಕುತ್ತಿರುವುದು ಬಾಯಿಯನ್ನು ಎಂದು ಆಗ ಅವಳಿಗೆ ಹೊಳೆಯಿತು.

ಅಂಗಡಿಯಲ್ಲಿ ಗಾಜಿನ ಆಚೆ ಬಾಯಿತ್ತು. ಸೂರು ನೋಡುತ್ತಿದ್ದೇನೆ ಎಂದುಕೊಂಡೇ ಅವಳು ಅಂಗಡಿಯವನ ತುಟಿ ನೋಡಿದ್ದಳು. ಮೂವತ್ತೊಂದು ವರ್ಷದ ಅಭ್ಯಾಸ ಅವಳ ಅಪ್ಪಣೆಗೆ ಕಾಯುತ್ತದೆಯೇ? ಊರವರಿಗೆಲ್ಲ ಟೋಪಿ ಹಾಕಿದ ಕಣ್ಣು ಕೊನೆಗೆ ಅವಳಿಗೇ ಟೋಪಿ ಹಾಕಿತ್ತು.

ಮೇಸ್ತ್ರಿ ಇನ್ನೊಂದು ಏಣಿ ಹತ್ತಿ ಗರಗಸದ ಮೊನೆಯನ್ನು ಬೋರ್ಡಿಗೆ ತಾಗಿಸಿಯಾಗಿತ್ತು. ಸುಮ್ಮನಿದ್ದುಬಿಡುವುದು ಸುಲಭ. ತೂತಾಗುತ್ತದೆ, ಸ್ಪೀಕರು ಕೂರುತ್ತದೆ, ಸಂಜೆ ಮಗಳಿಗೆ "ಚೆನ್ನಾಗಿತ್ತು" ಅನ್ನುವುದು. ಒಂಬತ್ತು ವರ್ಷ ನಡೆದದ್ದು ಇನ್ನೊಂದಿಪ್ಪತ್ತು ವರ್ಷ ನಡೆಯುತ್ತದೆ. ಲಾಳಿಯಕ್ಕನಿಗೆ ಅದನ್ನು ನೆನೆದೇ ಮೈಯೆಲ್ಲ ಉರಿದುಹೋಯಿತು.

"ಮೇಸ್ತ್ರಿ, ಕೊರೀಬೇಡಿ. ಇಳೀರಿ" ಅಂದಳು.

ಮೇಸ್ತ್ರಿ ಅಳಿಯನನ್ನು ನೋಡಿದ. ಅಳಿಯ ಅತ್ತೆಯನ್ನು ನೋಡಿದ. "ಯಾಕತ್ತೆ, ನೀವೇ ಆರಿಸಿದ್ದಲ್ವಾ?"

"ನಾನು ಆರಿಸಿದ್ದು ಕಣ್ಣಲ್ಲಿ. ನನಗೆ ಮಾತು ಕೇಳಿಸಲ್ಲ, ಅಳಿಯಂದಿರೇ. ಮುಖ ಕಂಡ್ರೆ ತುಟಿ ಓದಿಕೊಳ್ತೀನಿ. ಮಗಳು ರೇಡಿಯೋದಲ್ಲಿ ಏನು ಮಾತಾಡ್ತಾಳೆ ಅಂತ ಒಂಬತ್ತು ವರ್ಷದಿಂದ ನನಗೆ ಒಂದಕ್ಷರ ಗೊತ್ತಿಲ್ಲ."

ಅಳಿಯ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಆಮೇಲೆ ಅವಳಿಗೆ ಕಾಣುವ ಹಾಗೆ ಮುಖವೆತ್ತಿ, "ನಾನು ಹಿಂದಿನಿಂದ ಮಾತಾಡಿಸಿದಾಗೆಲ್ಲ ನೀವು ಉತ್ತರಾನೇ ಕೊಡ್ತಿರಲಿಲ್ಲ. ಈ ಮನೇಲಿ ನಾನಿರೋದು ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ಅದಕ್ಕೇ ಮಾತು ಕಡಿಮೆ ಮಾಡಿಬಿಟ್ಟೆ" ಅಂದ.

"ಅಯ್ಯೋ, ನೀವು ಮಾತು ಬರದೋರು ಅಂತ ನಾನು ಮಗಳ ಹತ್ರ ಬೈಕೊಳ್ತಿದ್ದೆ" ಅಂದಳು ಲಾಳಿಯಕ್ಕ. ಇಬ್ಬರಿಗೂ ನಗು ಬಂತು, ಅವನಿಗೆ ಅದರ ಜೊತೆ ಕಣ್ಣಲ್ಲಿ ನೀರೂ ಬಂತು. ಮೇಸ್ತ್ರಿ ಗರಗಸವನ್ನು ಚೀಲಕ್ಕೆ ಹಾಕಿ, ಇವರದು ಇವತ್ತಿಗೆ ಮುಗಿಯುವುದಲ್ಲ ಎಂದು ಮನೆಗೆ ಹೊರಟ.

"ಕಿವಿ ಡಾಕ್ಟರ್ ಹತ್ರ ಹೋಗೋಣ್ವಾ ಅತ್ತೆ?"

"ಹೋಗೋಣ. ಇನ್ನು ಮುಚ್ಚಿಡೋಕೆ ಏನಿದೆ? ಆದ್ರೆ ಮೊದಲು ಅಂಗಡಿ. ಮತ್ತೆ ಮಗಳಿಗೆ ನೀವು ಹೇಳಕೂಡದು, ನಾನೇ ಹೇಳ್ತೀನಿ."

ಮರುದಿನ ನಾಲ್ಕು ಡಬ್ಬಗಳನ್ನು ಹೊತ್ತುಕೊಂಡು ಅಂಗಡಿಗೆ ಹೋದರು. ಈ ಸಲ ಲಾಳಿಯಕ್ಕ ಕುರ್ಚಿಯನ್ನು ಗಾಜಿಗೆ ಬೆನ್ನು ಮಾಡಿ, ಬರಿಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತಳು. "ನನಗೆ ಕಿವಿ ಮಂದ. ಒಂದೊಂದರಲ್ಲೂ ಬೇರೆ ಬೇರೆ ಮಾತು ಹೇಳ್ತಾ ಹೋಗಿ, ತಿಳಿದ್ರೆ ಹೂಂ ಅಂತೀನಿ" ಎಂದು ಅಂಗಡಿಯವನಿಗೆ ಮೊದಲೇ ಹೇಳಿಬಿಟ್ಟಳು. ಆ ಮಾತು ಬಾಯಿಂದ ಇಷ್ಟು ಸಲೀಸಾಗಿ ಹೊರಟದ್ದು ಅವಳಿಗೇ ಸೋಜಿಗ.

ಒಂದನೇ ನಂಬರು. "ಇಲ್ಲ." ಎರಡು. "ಇಲ್ಲ." ಮೂರನೆಯದು ಅಂಗಡಿಯಲ್ಲೆಲ್ಲ ದುಬಾರಿ ಮಾಲು, ಅದರಲ್ಲಿ ಅಂಗಡಿಯವನು ಎರಡು ಸಲ ಹೇಳಿ ನೋಡಿದ. "ಇಲ್ಲ." ಒಂಬತ್ತು ವರ್ಷ ಎಲ್ಲದಕ್ಕೂ ಹೂಂಗುಟ್ಟಿದವಳಿಗೆ ಒಂದೊಂದು ಇಲ್ಲ ಅನ್ನುವಾಗಲೂ ಮೈ ಹಗುರಾಗುತ್ತಿತ್ತು. ಹತ್ತನೆಯದಕ್ಕೆ ಬರುವ ಹೊತ್ತಿಗೆ ಅಂಗಡಿಯವನ ಗಂಟಲು ಒಣಗಿತ್ತು, ಅವಳ ಹುರುಪು ಮಾತ್ರ ಹೆಚ್ಚುತ್ತಲೇ ಇತ್ತು.

ಹನ್ನೊಂದನೆಯದು ಚಿಕ್ಕದು, ಅಂಗೈಯಗಲ. ನಟ್ಟನಡುವೆ ನಾಣ್ಯದಷ್ಟು ದೊಡ್ಡ ಇನ್ನೊಂದು ಪುಟ್ಟ ಬಟ್ಟಲು, ಬೆರಳಲ್ಲಿ ಒತ್ತಿದರೆ ಬೇಕಾದ ಕಡೆಗೆ ವಾಲುತ್ತಿತ್ತು. ಲಾಳಿಯಕ್ಕ ತಲೆಯೆತ್ತಿದಳು. ಇಡೀ ಮಾತಲ್ಲ, ಅದರ ತುಂಡುಗಳು ತಾಗುತ್ತಿದ್ದವು.

"ತಡೀರಿ, ಇದರಲ್ಲಿ ಏನೋ ಇದೆ" ಅಂದಳು.

ಎಲ್ಲರಿಗೂ ಕೆಲಸ ಹತ್ತಿತು. ಅಳಿಯ ಏಣಿ ಹತ್ತಿ ಆ ಪುಟ್ಟ ಬಟ್ಟಲನ್ನು ಅತ್ತೆಯ ಕಡೆಗೆ ವಾಲಿಸಿದ. ಅವಳು ಕುರ್ಚಿಯನ್ನು ಎಳೆದುಕೊಂಡು ಸ್ಪೀಕರಿನ ನೇರ ಕೆಳಗೆ ಬಂದಳು. ಅಂಗಡಿಯವನು ದಪ್ಪ ಸದ್ದನ್ನು ತಗ್ಗಿಸಿ, ಸಣ್ಣ ಸದ್ದನ್ನು ಒಂದೊಂದೇ ಗೆರೆ ಏರಿಸುತ್ತ ಹೋದ. ಅಳಿಯ ಮುಖ ಕಿವುಚಿದ, ಅವನ ಕಿವಿಗೆ ಅದು ತಗಡು ಕೆರೆದ ಹಾಗಿತ್ತು. ಲಾಳಿಯಕ್ಕ ಮಾತ್ರ ಅಲುಗಾಡದೆ ಕೂತಿದ್ದಳು.

"ಬೆಕ್ಕಿನ ವಿಷಯ ಹೆಂಡತಿಗೆ ಗೊತ್ತಾಗಿಹೋಯ್ತು" ಎಂದಿತು ಸೂರು. "ಎರಡು ದಿನದಿಂದ ಮಾಳಿಗೆ ಮೆಟ್ಟಿಲ ಮೇಲೆ ಮಲಗ್ತಿದೀನಿ. ಬೆಕ್ಕು ನನ್ನ ಹಾಸಿಗೇಲಿ ಮಲಗಿದೆ."

ಎದುರಿಗಿದ್ದದ್ದು ಬರೀ ಸುಣ್ಣದ ಗೋಡೆ. ಅಳಿಯನಿಗಿಂತ ಮೊದಲು ನಕ್ಕವಳು ಲಾಳಿಯಕ್ಕ. ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪದದ ತುದಿಗಳಿರುತ್ತವಲ್ಲ, ಹಲ್ಲಿಗೆ ತಾಗಿ ಹುಟ್ಟುವ, ನಾಲಗೆಯ ಮೊನೆಯಲ್ಲಿ ಹುಟ್ಟುವ ಸಣ್ಣ ಸದ್ದುಗಳು, ಅವು ಎಷ್ಟೋ ವರ್ಷದ ಮೇಲೆ ಕಿವಿಯಲ್ಲೇ ಬಂದಿದ್ದವು.

"ಇದು. ಇದೇ ಬೇಕು" ಅಂದಳು.

"ನಾಲ್ಕು ಮೂಲೆಗೆ ನಾಲ್ಕು ಕೊಡ್ಲಾ?" ಅಂಗಡಿಯವನು ಎದುರಿಗೆ ಬಂದು ಕೇಳಿದ.

"ಮೂಲೆಗೆ ಬೇಡ. ಎರಡೇ ಸಾಕು, ನಾನು ಕೂರೋ ಜಾಗದ ನೆತ್ತಿ ಮೇಲೆ. ಆರು ಮಗ್ಗದಲ್ಲಿ ಯಾವುದು ಕೆಟ್ಟಿದೆ ಅಂತ ತಿಳೀಬೇಕಾದ್ರೆ ಅದರ ಪಕ್ಕಕ್ಕೇ ಹೋಗಿ ನಿಲ್ಲಬೇಕು. ದೂರದಿಂದ ಬರೋದೆಲ್ಲ ಕಲಸಿಹೋಗುತ್ತೆ." ಆಮೇಲೆ ಅಳಿಯನ ಸಪ್ಪೆ ಮುಖ ನೋಡಿ, "ನಡುಮನೆಯ ಆ ಕೊನೇಲಿ ಇವರ ಢಂ ಢಂಗೆ ನಾಲ್ಕನೇ ನಂಬರಿನ ತಟ್ಟೆ ಒಂದಿರಲಿ, ಕೊಡಿ" ಅಂದಳು. ಅಳಿಯನಿಗೆ ಹೋದ ಜೀವ ಬಂತು.

ಮೇಸ್ತ್ರಿ ಹಳೆಯ ಗುರುತುಗಳನ್ನು ಅಳಿಸಿ ಹೊಸ ಸುತ್ತು ಎಳೆದ. ಈ ಸಲ ಲಾಳಿಯಕ್ಕ ತಾನು ಕೂರುವ ಕುರ್ಚಿಯಲ್ಲಿ ಕೂತು, ತಲೆಯ ಮೇಲೆ ಬೆರಳೆತ್ತಿ ತೋರಿಸಿದಳು. ಅವಳು ತೋರಿಸಿದಲ್ಲೇ ಗರಗಸ ಆಡಿತು. ಬಿಳಿ ಪುಡಿ ಅವಳ ತಲೆಯ ಮೇಲೆಲ್ಲ ಉದುರಿದರೂ ಜಾಗ ಬಿಟ್ಟು ಏಳಲಿಲ್ಲ. ಅಳಿಯ ಕಚೇರಿಗೆ ಅರ್ಧ ದಿನ ರಜೆ ಹಾಕಿ ತಂತಿ ಜೋಡಿಸಿದ, ಬಟ್ಟಲುಗಳನ್ನು ಅವಳ ಕಡೆಗೆ ವಾಲಿಸಿ ಜಾಲರಿ ಮುಚ್ಚಿದ. ಮೂರು ಐವತ್ತೈದಕ್ಕೆ ಎಲ್ಲ ಮುಗಿಯಿತು. ಮೇಸ್ತ್ರಿ ಚೀಲ ಕಟ್ಟಿದ್ದರೂ ಹೋಗಲಿಲ್ಲ, ಬಾಗಿಲಿಗೊರಗಿ ನಿಂತ.

ನಾಲ್ಕಾಯಿತು. ಸೂರಿನಿಂದ ಮಗಳು ಮಾತಾಡಿದಳು.

"ನಮಸ್ಕಾರ. ಹೊರಗೆ ಬಿಸಿಲಿದೆ, ಒಳಗೆ ನಾನಿದೀನಿ, ಎಲ್ಲಿಗೆ ಬರ್ತೀರೋ ನಿಮಗೆ ಬಿಟ್ಟಿದ್ದು."

ಲಾಳಿಯಕ್ಕನ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು. ಒಂದೊಂದು ಪದವೂ ಬಿಡಿಬಿಡಿಯಾಗಿ, ತೊಳೆದಿಟ್ಟ ಹಾಗೆ ಬಂತು. ಮಗಳು ಮಾತಿನ ನಡುವೆ ಚೂರು ನಿಲ್ಲುತ್ತಾಳೆ, ಆಮೇಲೆ ಕೇಳುವವರನ್ನು ಛೇಡಿಸುತ್ತಾಳೆ. ಊರವರು ಇದಕ್ಕೇ ಅಷ್ಟು ಹೊಗಳುತ್ತಿದ್ದದ್ದು. ಇವಳು ಇಷ್ಟು ತುಂಟಿ ಅಂತ ಹೆತ್ತವಳಿಗೇ ಗೊತ್ತಿರಲಿಲ್ಲವಲ್ಲ. ಅವಳು ಹೆಮ್ಮೆಯಿಂದ ಅಳಿಯನ ಕಡೆ ನೋಡಿ ತಲೆಯಾಡಿಸಿದಳು.

"ಇವತ್ತಿನ ಪ್ರಶ್ನೆ" ಎಂದಿತು ಸೂರು. "ಈಚೆಗೆ ನಿಮ್ಮ ಮನೇಲಿ ಏನು ರಿಪೇರಿ ಆಯ್ತು?"

ಯಾರೋ ಒಬ್ಬ ಫೋನು ಮಾಡಿ ಬಕೆಟ್ಟಿನ ಹಿಡಿಯ ಕಥೆ ಹೇಳಿದ. ಒಬ್ಬಳು ತನ್ನ ಗಂಡನ ಗೊರಕೆಯ ಕಥೆ ಹೇಳಿದಳು, ಅದು ಇನ್ನೂ ರಿಪೇರಿಯಾಗಿಲ್ಲವಂತೆ. ಲಾಳಿಯಕ್ಕ ಅಳಿಯನ ಕಡೆಗೆ ಕೈ ಚಾಚಿದಳು.

"ಆ ನಂಬರು ಹಚ್ಚಿಕೊಡಿ. ಉತ್ತರ ನನ್ನ ಹತ್ರಾನೂ ಇದೆ."

"ಅತ್ತೆ, ಫೋನಲ್ಲಿ ನಿಮಗೆ..."

"ಫೋನಲ್ಲಿ ನಾನು ಮಾತಾಡ್ತೀನಿ. ಅವಳು ಮೇಲಿಂದ ಮಾತಾಡ್ತಾಳೆ."

ಅಳಿಯ ಬೆವರುತ್ತ ನಂಬರು ಒತ್ತಿದ. ಎರಡು ಸಲ ಸಿಗಲಿಲ್ಲ, ಮೂರನೆಯ ಸಲ ಸಿಕ್ಕಿತು. ಸಾಲಿನಲ್ಲಿ ಕಾಯಿರಿ ಅಂದರಂತೆ. ಆಮೇಲೆ ಫೋನನ್ನು ಅತ್ತೆಯ ಕೈಗಿಟ್ಟು, ಹೂಂ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಸೂರಿನಲ್ಲಿ ಕುಂಯ್ ಎಂದು ಒಂದು ಸೀಟಿ ಹೊರಟಿತು.

"ಹಲೋ, ಯಾರು ಮಾತಾಡ್ತಿರೋದು?" ಎಂದಿತು ಮಗಳ ದನಿ. "ಸೀಟಿ ಹೊಡೀತಿದೆ ನೋಡಿ. ಮೊದಲು ನಿಮ್ಮ ರೇಡಿಯೋ ಸದ್ದು ಕಡಿಮೆ ಮಾಡಿ."

ಲಾಳಿಯಕ್ಕ ಎದ್ದು ನಿಂತು, ಮುಖವನ್ನು ಸೂರಿಗೆತ್ತಿದಳು.

"ಅದೊಂದು ಆಗಲ್ಲ ಮಗಳೇ. ಕಡಿಮೆ ಮಾಡಿದ್ರೆ ನೀನು ನನಗೆ ಕೇಳಿಸಲ್ಲ."

ಸೂರು ಸುಮ್ಮನಾಯಿತು. ಅಷ್ಟು ಹೊತ್ತಿನ ಮೌನ ಆ ಕಾರ್ಯಕ್ರಮದಲ್ಲಿ ಯಾವತ್ತೂ ಆಗಿರಲಿಲ್ಲವಂತೆ, ಆಮೇಲೆ ಜನ ಹೇಳಿದರು. ಮೇಸ್ತ್ರಿ ಬಾಗಿಲು ಬಿಟ್ಟು ಒಳಗೆ ಬಂದ.

"ಅಮ್ಮಾ? ನಾನು ಹೇಳಿದ್ದು... ನಿನಗೆ ಕೇಳಿಸ್ತಾ ಇರಲಿಲ್ವಾ?"

"ಇಲ್ಲ. ಇವತ್ತು ಕೇಳಿಸ್ತಿದೆ" ಅಂದಳು ಲಾಳಿಯಕ್ಕ. "ಅಳಬೇಡ, ಊರೆಲ್ಲ ಕೇಳ್ತಿದೆ. ರಿಪೇರಿ ಏನಾಯ್ತು ಅಂತ ಕೇಳಿದೆಯಲ್ಲ, ಹೇಳ್ತೀನಿ ತಾಳು."